45 ಅಕ್ಷರದ ಧೂಳು

ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬಂದಿಲ್ಲವೆಂದರೆ ನೀವು ಕೊಪ್ಪಳದವರಲ್ಲ, ಇಲ್ಲವೇ ಯಾರೂ ನಿಮ್ಮನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಸೇರಿಸದಷ್ಟು ಪುಣ್ಯ ಮಾಡಿದ್ದೀರಿ. ಖಾಸಗಿ ಶಾಲೆಯೊಂದರ ವಾರ್ಷಿಕೋತ್ಸವ. ಮೂರನೇ ತರಗತಿಯ ಹುಡುಗ. ಕೊರಳಿನಿಂದ ಹೊರಟ ಟೈ ಸೊಂಟ ದಾಟಿ ಕೆಳಗಿಳಿದಿದೆ. ನಿರೂಪಣೆಯ ಮೇಡಂ ಮೈಕನ್ನು ಅವನ ಬಾಯಿಯ ಮಟ್ಟಕ್ಕೆ ತಗ್ಗಿಸುತ್ತಾರೆ. ಹುಡುಗ ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಚಡ್ಡಿಯ ಹೊಲಿಗೆಗೆ ಒತ್ತಿ ಹಿಡಿದು, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವೋಲ್ಕೇನೋಕೋನಿಯೋಸಿಸ್. ಇಂಗ್ಲಿಷ್ ನಿಘಂಟುಗಳಲ್ಲಿ ಸಿಗುವ ಅತಿ ಉದ್ದದ ಶಬ್ದ, ಒಟ್ಟು 45 ಅಕ್ಷರ. ಗಣ್ಯರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಶಾಲು ಬರುತ್ತದೆ, ಹಾರ ಬರುತ್ತದೆ, ಹಾರದೊಳಗೆ ಹುಡುಗ ಕಾಣದಂತಾಗುತ್ತಾನೆ. ಮರುದಿನ ಅಶೋಕ ವೃತ್ತದಲ್ಲಿ ಫ್ಲೆಕ್ಸ್. ನಡುವೆ ಸಂಸ್ಥೆಯ ಅಧ್ಯಕ್ಷರು ಕೈಮುಗಿದಿದ್ದಾರೆ, ಮೇಲೆ ಸಾಲಾಗಿ ರಾಜಕೀಯ ಮುಖಂಡರು ನಗುತ್ತಿದ್ದಾರೆ, ಕೆಳಗಿನ ಮೂಲೆಯಲ್ಲಿ ಹುಡುಗನಿದ್ದಾನೆ. ಅವನ ಹಣೆಯ ಮೇಲೆಯೇ ‘ಪ್ರವೇಶ ಪ್ರಾರಂಭವಾಗಿದೆ’ ಎಂದು ಅಚ್ಚು ಹಾಕಿಸಿದ್ದಾರೆ.

ಅಭಿನಂದನೆಗಳು. ಇದರಲ್ಲಿ ವ್ಯಂಗ್ಯವಿಲ್ಲ. ಎಂಟು ವರ್ಷದ ಮಗು ಅಷ್ಟು ಉದ್ದದ ಶಬ್ದವನ್ನು ನಾಲಿಗೆ ತಡವರಿಸದೆ ಹೇಳುವುದು ಸಣ್ಣ ಮಾತಲ್ಲ. ಅಷ್ಟು ಜ್ಞಾಪಕಶಕ್ತಿಯಿದ್ದರೆ ನಮ್ಮ ಮುಖಂಡರು ಚುನಾವಣೆಯಲ್ಲಿ ಹೇಳಿದ್ದನ್ನು ಮುಂದಿನ ಚುನಾವಣೆಯವರೆಗಾದರೂ ನೆನಪಿಟ್ಟುಕೊಳ್ಳುತ್ತಿದ್ದರು. ಹುಡುಗನ ತಂದೆ ಚಹಾದಂಗಡಿಯಲ್ಲಿ ಸಿಕ್ಕಾಗ ಅದರ ಅರ್ಥವೇನೆಂದು ಕೇಳಿದೆ. ‘ಅರ್ಥ ನಮಗೇನು ಗೊತ್ತು ಸರ್, ಆದರೆ ಒಂದಕ್ಷರವೂ ತಪ್ಪುವುದಿಲ್ಲ ನೋಡಿ’ ಎಂದರು. ಅವರ ಮುಖದಲ್ಲಿದ್ದ ಸಂತೋಷ ನಿಜವಾದದ್ದು. ಗ್ಯಾರೇಜಿನ ಕೆಲಸ, ಕೈಯಲ್ಲಿ ಗ್ರೀಸ್, ವರ್ಷಕ್ಕೆ ಕಟ್ಟುವ ಫೀಜು ಅವರ ನಾಲ್ಕು ತಿಂಗಳ ದುಡಿಮೆ. ಅವರನ್ನು ಗೇಲಿ ಮಾಡಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ.

ಗೇಲಿಗೆ ತಕ್ಕದ್ದು ಬೇರೆ ಇದೆ. ಆ ಶಬ್ದ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಗಟುಪ್ರಿಯರ ಸಂಘವೊಂದರ ಸಭೆಯಲ್ಲಿ. ಉದ್ದವಾಗಿರಬೇಕು ಎಂಬ ಒಂದೇ ಉದ್ದೇಶಕ್ಕೆ ಅದನ್ನು ಕಟ್ಟಿದರು. ಪತ್ರಿಕೆಯವರು ಬರೆದರು, ನಿಘಂಟಿನವರು ಸೇರಿಸಿಕೊಂಡರು. ಯಾವ ವೈದ್ಯರೂ ಅದನ್ನು ಚೀಟಿಯಲ್ಲಿ ಬರೆಯುವುದಿಲ್ಲ. ಅತಿ ಸೂಕ್ಷ್ಮವಾದ ಸಿಲಿಕಾ ಧೂಳನ್ನು ಉಸಿರಾಡಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಅದು. ವೈದ್ಯರ ಬಾಯಲ್ಲಿ ಅದರ ಹೆಸರು ಸಿಲಿಕೋಸಿಸ್, ಇಂಗ್ಲಿಷಿನಲ್ಲಿ ಬರೀ ಒಂಬತ್ತು ಅಕ್ಷರ. ಒಂಬತ್ತು ಅಕ್ಷರಕ್ಕೆ ಯಾರು ಶಾಲು ಹೊದಿಸುತ್ತಾರೆ?

ಇಲ್ಲಿ ನನಗೆ ನಗು ಬರುವುದು ನಿಲ್ಲುತ್ತದೆ. ಏಕೆಂದರೆ ಇದು ಕೊಪ್ಪಳ ಜಿಲ್ಲೆ. ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಗಳಿವೆ. ಅಲ್ಲಿ ಕಲ್ಲು ಕೊರೆಯುವವನ ಹುಬ್ಬು ಸಂಜೆಯ ಹೊತ್ತಿಗೆ ಬೆಳ್ಳಗಾಗಿರುತ್ತದೆ, ಮೂಗಿಗೆ ಕಟ್ಟಿಕೊಂಡದ್ದು ತಲೆಗೆ ಸುತ್ತುವ ಟವೆಲ್. ಸಿಲಿಕೋಸಿಸ್ ಕಾನೂನಿನ ಅನುಸೂಚಿಯಲ್ಲಿರುವ ಔದ್ಯೋಗಿಕ ಕಾಯಿಲೆ, ಅಂದರೆ ಮಾಡುವ ಕೆಲಸದಿಂದಲೇ ಬರುವಂಥದ್ದು. ಕಾರ್ಖಾನೆಯ ಕೆಲಸಗಾರನಲ್ಲಿ ಕಂಡರೆ ವೈದ್ಯರು ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಲೇಬೇಕು. ಆದರೆ ದೇಶದ ತುಂಬ ಇದು ಕ್ಷಯವೆಂದು ದಾಖಲಾಗುವುದೇ ಹೆಚ್ಚು. ಕ್ಷಯವೆಂದು ಬರೆದರೆ ಮಾಲೀಕನಿಗೆ ಪತ್ರ ಹೋಗುವುದಿಲ್ಲ, ಪರಿಹಾರದ ಮಾತು ಏಳುವುದಿಲ್ಲ. ರೋಗಿ ಮಾತ್ರೆ ನುಂಗುತ್ತಾನೆ, ಕೆಮ್ಮುತ್ತಾನೆ, ಒಂದು ದಿನ ಕೆಮ್ಮುವುದು ನಿಲ್ಲುತ್ತದೆ.

ಕ್ವಾರಿ ಬಿಡಿ, ಗಿಣಿಗೇರಾ, ಹಿರೇಬಗನಾಳದ ಕಡೆ ಹೋಗಿ. ಸ್ಪಂಜ್ ಕಬ್ಬಿಣದ ಕಾರ್ಖಾನೆಗಳ ಮಗ್ಗುಲಲ್ಲಿ ಹತ್ತಿ ಬಿಡಿಸುವ ಹೆಂಗಸರ ಅಂಗೈ ನೋಡಿ. ಒಣಗಲು ಹಾಕಿದ ಬಿಳಿ ಪಂಚೆಯನ್ನು ಸಂಜೆ ಮತ್ತೆ ಒಗೆಯಬೇಕು. ಮಾಳಿಗೆಯ ಮೇಲೆ ಹಪ್ಪಳ ಹಾಕುವುದನ್ನು ಜನ ಎಂದೋ ಬಿಟ್ಟರು. 2025ರ ಫೆಬ್ರುವರಿ 24ರಂದು ಈ ಧೂಳಿನ ಕಾರಣಕ್ಕೇ ಕೊಪ್ಪಳ ಬಂದ್ ಆಯಿತು. ಊರಿನ ಬುಡದಲ್ಲಿ ಮತ್ತೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯವರೇ ಜನರ ಜೊತೆ ಬೀದಿಗಿಳಿದರು. ಅದೇ ಊರಿನಲ್ಲಿ, ಅದೇ ಗಾಳಿ ಕುಡಿಯುತ್ತ, ಒಂದು ಮಗು ಧೂಳಿನ ಕಾಯಿಲೆಯ ಹೆಸರನ್ನು 45 ಅಕ್ಷರಗಳಲ್ಲಿ ಹೇಳುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅಷ್ಟು ಹೊತ್ತಿನಲ್ಲಿ ಒಬ್ಬ ಗಣ್ಯರಿಗಾದರೂ ‘ತಮ್ಮಾ, ಹಾಗೆಂದರೇನು?’ ಎಂದು ಕೇಳಬೇಕೆನಿಸಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ಉತ್ತರ ಬಂದಿದ್ದರೆ ವೇದಿಕೆಯ ಮೇಲಿದ್ದ ಪ್ರಾಯೋಜಕರು ಕುರ್ಚಿಯಲ್ಲಿ ಮಗ್ಗುಲು ಬದಲಿಸಬೇಕಾಗುತ್ತಿತ್ತು.

ಇರಲಿ. ಫ್ಲೆಕ್ಸ್ ಕಟ್ಟಿದ್ದು ಅಶೋಕ ವೃತ್ತದಲ್ಲಿ ಎಂದೆನಲ್ಲ, ಅಶೋಕನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ವಿಷಯಕ್ಕೆ ಸಂಬಂಧವಿದೆಯೇ ಎಂದು ಕೇಳಬೇಡಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಆ ಪುಣ್ಯಾತ್ಮ ನಮ್ಮ ಗವಿಮಠದ ಗುಡ್ಡದ ಮೇಲೆ ಒಂದು, ಪಾಲ್ಕಿಗುಂಡಿನ ಮೇಲೆ ಒಂದು, ಅತ್ತ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಶಾಸನ ಕೆತ್ತಿಸಿದ. ಮಸ್ಕಿಯದು 1915ರಲ್ಲಿ ಚಿನ್ನ ಹುಡುಕುತ್ತಿದ್ದ ಇಂಜಿನಿಯರನ ಕಣ್ಣಿಗೆ ಬಿತ್ತು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಅದರಿಂದ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಮೇಲೇರಬಹುದು ಎಂಬುದು ಅದರ ಒಟ್ಟು ಮಾತು. ಬಹಳ ಒಳ್ಳೆಯ ಮಾತು. ಬರೆಸಿದ್ದು ಮಾತ್ರ ಪ್ರಾಕೃತದಲ್ಲಿ. ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದವನು ತಲೆಯೆತ್ತಿ ಅದನ್ನು ನೋಡಿ ಏನೆಂದುಕೊಂಡನೋ. ಸಣ್ಣವನನ್ನು ಉದ್ಧರಿಸುವ ಸುತ್ತೋಲೆಯನ್ನು ಸಣ್ಣವನಿಗೆ ಬಾರದ ಭಾಷೆಯಲ್ಲಿ ಹೊರಡಿಸುವ ಪದ್ಧತಿಗೆ ನಮ್ಮ ಜಿಲ್ಲೆಯಲ್ಲಿ ಎರಡು ಸಾವಿರ ವರ್ಷ ದಾಟಿದೆ, ಅಷ್ಟೇ ನಾನು ಹೇಳುವುದು.

ಆಮೇಲೆ 9ನೇ ಶತಮಾನದಲ್ಲಿ ಕವಿರಾಜಮಾರ್ಗ ಬಂತು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನ ಸೀಮೆಯೇ ಕನ್ನಡದ ತಿರುಳು ಎಂದಿತು. ಆ ಕೊಪಣ ಈ ಕೊಪ್ಪಳವೇ. ಇವತ್ತು ಆ ತಿರುಳಿನ ನಟ್ಟನಡುವೆ ಮಕ್ಕಳು ಬಿಡುವಿನ ವೇಳೆಯಲ್ಲಿ ಕನ್ನಡ ಮಾತನಾಡಿದರೆ ಹತ್ತು ರೂಪಾಯಿ ದಂಡ. ದಂಡ ವಸೂಲಿ ಮಾಡುವ ಮಿಸ್ ‘ನಾಳೆ ತರದಿದ್ದರೆ ನೋಡು’ ಎಂದು ಗದರಿಸುವುದು ಅಚ್ಚ ಕನ್ನಡದಲ್ಲಿಯೇ. ಅವರಿಗೆ ದಂಡವಿಲ್ಲ, ಸಂಬಳವೂ ಅಷ್ಟಕ್ಕಷ್ಟೇ.

ನಾನು ಇಂಗ್ಲಿಷಿನ ವಿರೋಧಿಯಲ್ಲ. ಹಾಗೆಂದು ಬರೆದು ಕಳಿಸುವವರು ದಯವಿಟ್ಟು ಕಾಗದ ಉಳಿಸಿ. ಇಂಗ್ಲಿಷ್ ಬಾರದೆ ಬೆಂಗಳೂರಿನಲ್ಲಿ ನಮ್ಮ ಹುಡುಗರು ಸಂದರ್ಶನದ ಬಾಗಿಲಲ್ಲಿ ಬೆವರುವುದನ್ನು ಕಂಡವನು ನಾನು. ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ನಾವು ಕಲಿಸುತ್ತಿರುವುದೇನು? ಪದವಿ ಮುಗಿಸಿ ಕೋಚಿಂಗ್ ಸೇರಿದ ಹುಡುಗನ ಕಿಸೆಯಲ್ಲಿ ಮಡಚಿಟ್ಟ ಜೆರಾಕ್ಸ್ ಹಾಳೆ ಇರುತ್ತದೆ. ವಾಚಾಳಿಗೆ ಅದರಲ್ಲಿ ಮೂರು ಶಬ್ದ: ಗ್ಯಾರ್ಯುಲಸ್, ಲೊಕ್ವೇಷಸ್, ವರ್ಬೋಸ್. ಮೂರನ್ನೂ ಹೇಳಿದ ಮೇಲೆ ಅವನಿಗೆ ಇಂಗ್ಲಿಷಿನಲ್ಲಿ ಆಡಲು ನಾಲ್ಕನೇ ಮಾತು ಇರುವುದಿಲ್ಲ. ರಜೆ ಕೇಳಿ ಒಂದು ಅರ್ಜಿ ಬರೆಯಲು ಹೇಳಿ ನೋಡಿ. ಅಕ್ಕನ ಮದುವೆಗೂ ಅವನಿಗೆ ಜ್ವರವೇ ಬರುತ್ತದೆ, ಏಕೆಂದರೆ ಅವನಿಗೆ ಬಾಯಿಪಾಠ ಮಾಡಿಸಿದ್ದು ಜ್ವರದ ಅರ್ಜಿಯೊಂದನ್ನೇ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಈ ಹಾಳೆಗಳ ಮೂಲ ಹುಡುಕುತ್ತ ಹೋದರೆ ಬಹುಪಾಲು ಅಮೆರಿಕದ ಪರೀಕ್ಷೆಗಳ ಹಳೆಯ ಪದಪಟ್ಟಿಗಳಿಗೆ ಹೋಗಿ ಮುಟ್ಟುತ್ತೇವೆ. ಅಲ್ಲಿನ ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಪರೀಕ್ಷೆ 2011ರಲ್ಲಿಯೇ ವಿರುದ್ಧಾರ್ಥಕ ಪದಗಳ ಪ್ರಶ್ನೆಗಳನ್ನು ತೆಗೆದುಹಾಕಿತು. ಕಾಲೇಜು ಪ್ರವೇಶದ ಎಸ್‌ಎಟಿ 2016ರಲ್ಲಿ ಯಾರೂ ಬಳಸದ ಗಡಸು ಪದಗಳನ್ನು ಕೇಳುವುದನ್ನು ಬಿಟ್ಟಿತು; ಓದುವಾಗ ಬರೆಯುವಾಗ ನಿಜವಾಗಿ ಎದುರಾಗುವ ಪದ ಗೊತ್ತಿದ್ದರೆ ಸಾಕು ಎಂದಿತು. ಇಂಗ್ಲಿಷಿನವರೇ ಕೈತೊಳೆದುಕೊಂಡ ಪಟ್ಟಿ ಹಡಗು ಹತ್ತಿ, ದಿಲ್ಲಿ ದಾಟಿ, ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಕೊಪ್ಪಳಕ್ಕೆ ಬಂದಿಳಿದು ಪುಟಕ್ಕೆ ಎರಡು ರೂಪಾಯಿಯಂತೆ ಜೆರಾಕ್ಸ್ ಆಗುತ್ತಿದೆ. ನಮ್ಮ ಹುಡುಗರನ್ನು ಎಷ್ಟೆಂದು ದೂರುವುದು? 2018ರಲ್ಲಿ ಶಶಿ ತರೂರರು ತಮ್ಮ ಪುಸ್ತಕದ ಪ್ರಚಾರಕ್ಕೆ 29 ಅಕ್ಷರದ ಒಂದು ಶಬ್ದವನ್ನು ಟ್ವಿಟರಿನಲ್ಲಿ ಹರಿಯಬಿಟ್ಟಾಗ ಇಡೀ ದೇಶವೇ ಪುಸ್ತಕ ಬಿಟ್ಟು ಆ ಶಬ್ದದ ಹಿಂದೆ ಓಡಿತ್ತು.

ಕೋಚಿಂಗಿನ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ‘ಹಲವು ಪದಗಳಿಗೆ ಒಂದು ಪದ’ ಎಂಬ ಭಾಗ. ಹಣವಂತರ ಆಳ್ವಿಕೆ: ಪ್ಲುಟಾಕ್ರಸಿ. ಕಳ್ಳರ ಆಳ್ವಿಕೆ: ಕ್ಲೆಪ್ಟಾಕ್ರಸಿ. ಮುದುಕರ ಆಳ್ವಿಕೆ: ಜೆರಂಟಾಕ್ರಸಿ. ಬಳ್ಳಾರಿಯ ತರಗತಿಯೊಂದರಲ್ಲಿ ಮೇಷ್ಟ್ರು ಮೊದಲ ಎರಡನ್ನು ಉದಾಹರಣೆ ಕೊಡದೆ ಬೇಗ ದಾಟಿಬಿಟ್ಟರಂತೆ. ಬುದ್ಧಿವಂತರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಲೋಕಾಯುಕ್ತ ವರದಿ ಬಂದು, ಮುಖ್ಯಮಂತ್ರಿ ಕುರ್ಚಿ ಬಿಟ್ಟು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಈ ಹುಡುಗರಿನ್ನೂ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಆದರೂ ಅವರಿಗೆ ಎಲ್ಲ ಗೊತ್ತು. ಸಂಡೂರಿನ ರಸ್ತೆಯಲ್ಲಿ ಲಾರಿಗಳ ಹಿಂದೆ ಕೆಂಪು ಮಣ್ಣು ತಿಂದು ಬೆಳೆದವರಿಗೆ ಗ್ರೀಕ್ ಮೂಲದ ಪದ ಬೇಕಿಲ್ಲ. ಪರೀಕ್ಷೆಗೆ ಬೇಕು, ಅದಕ್ಕೆ ಉರು ಹೊಡೆಯುತ್ತಾರೆ.

ಸರ್ಕಾರಿ ಶಾಲೆಯ ಮಾತು ಎತ್ತಲೇಬೇಡಿ ಎನ್ನುವಿರಿ, ಬೇಗ ಮುಗಿಸುತ್ತೇನೆ. 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಫಲಕ ಬಂತು, ಪುಸ್ತಕ ಬಂತು, ಬರಬೇಕಾದವರು ಶಿಕ್ಷಕರು. ನಮ್ಮ ಭಾಗದ ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ಎಂದರೆ ಅತಿಥಿ ಶಿಕ್ಷಕರು, ಅತಿಥಿ ಶಿಕ್ಷಕರೆಂದರೆ ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುವವರು. ಫಲಿತಾಂಶ ಬಂದ ದಿನ ಕಲ್ಯಾಣ ಕರ್ನಾಟಕ ಪಟ್ಟಿಯ ತಳದಲ್ಲಿರುತ್ತದೆ, ಸಚಿವರು ಆಘಾತಗೊಳ್ಳುತ್ತಾರೆ. ಪ್ರತಿ ವರ್ಷವೂ ಹೊಸದಾಗಿ ಆಘಾತಗೊಳ್ಳುವ ಅವರ ಸಾಮರ್ಥ್ಯಕ್ಕೂ ಒಂದು ಶಾಲು ಸಲ್ಲಬೇಕು.

ಇಷ್ಟೆಲ್ಲ ದಾಟಿ ಬಂದ ಹುಡುಗಿಯೊಬ್ಬಳು ಕನ್ನಡದಲ್ಲಿಯೇ ಕೆಎಎಸ್ ಬರೆಯುತ್ತೇನೆ ಎಂದು ಕೂತಳು ಎಂದುಕೊಳ್ಳಿ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ ಅವಳ ಮುಂದಿಟ್ಟ ಪ್ರಶ್ನೆಪತ್ರಿಕೆಯನ್ನು ನೆನಪಿಸಿಕೊಳ್ಳಿ. ಕನ್ನಡ ಲಿಪಿಯಲ್ಲಿತ್ತು, ಕನ್ನಡದಲ್ಲಿ ಇರಲಿಲ್ಲ. ಗಲಾಟೆಯಾಯಿತು, ಮರುಪರೀಕ್ಷೆ ಎಂದರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು, ಮತ್ತೆ ಅದೇ ಬಗೆಯ ಅನುವಾದದ ತಪ್ಪುಗಳು. ಕನ್ನಡದ ಪ್ರಶ್ನೆಯಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪ್ರಶ್ನೆ ನೋಡಿಕೊಳ್ಳಬೇಕು, ಅದೇ ಅಂತಿಮ ಎಂಬ ಸೂಚನೆಯಂತೂ ಇದ್ದೇ ಇತ್ತು. ಕರ್ನಾಟಕದ ಆಯೋಗ, ಕರ್ನಾಟಕದ ಹುದ್ದೆ, ಕರ್ನಾಟಕದ ಹುಡುಗಿ. ಅಂತಿಮ ಮಾತ್ರ ಇಂಗ್ಲಿಷ್. ಎರಡು ಗಂಟೆಯ ಪತ್ರಿಕೆಯಲ್ಲಿ ಅವಳು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಬೇಕು. ಮೊದಲು ಕನ್ನಡದಲ್ಲಿ ಗಾಬರಿಯಾಗಲು, ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಳ್ಳಲು. ವರ್ಷಗಟ್ಟಲೆ ಹಾಸ್ಟೆಲಿನ ಅನ್ನ ತಿಂದು ಓದಿದವಳಿಗೆ ನಾವು ಕೊಟ್ಟ ಮರ್ಯಾದೆ ಇದು. ಇದಕ್ಕೆ ಬರೆಯಬೇಕಾದ ಶಬ್ದಗಳು ನನ್ನ ಬಳಿ ಇವೆ, ಪತ್ರಿಕೆಯಲ್ಲಿ ಅಚ್ಚಾಗುವಂಥವಲ್ಲ.

ನಿನ್ನೆ ಬೆಳಿಗ್ಗೆ ಪೇಪರಿನೊಳಗಿಂದ ಒಂದು ಗುಲಾಬಿ ಕರಪತ್ರ ಜಾರಿ ಬಿತ್ತು. ಕನ್ನಡ ಮಾಧ್ಯಮದ ಸ್ಪರ್ಧಾರ್ಥಿಗಳಿಗಾಗಿ ವಿಶೇಷ ಬ್ಯಾಚ್, ಕನ್ನಡ ಪ್ರಶ್ನೆಗಳನ್ನು ಇಂಗ್ಲಿಷಿನ ಮೂಲಕ ಅರ್ಥ ಮಾಡಿಕೊಳ್ಳುವ ಸುಲಭ ವಿಧಾನ, ಜೊತೆಗೆ ಕಠಿಣ ಪದಗಳ ಕಿರುಹೊತ್ತಿಗೆ ಉಚಿತ. ಫೀಜನ್ನು ಎರಡು ಕಂತುಗಳಲ್ಲಿ ಕಟ್ಟಬಹುದಂತೆ. ಹಿಂದಿರುಗಿಸಲಾಗುವುದಿಲ್ಲ ಎಂಬುದನ್ನು ಮಾತ್ರ ಯಾರಿಗೂ ಸಂದೇಹ ಉಳಿಯದಷ್ಟು ಸ್ವಚ್ಛ ಕನ್ನಡದಲ್ಲಿ ಅಚ್ಚು ಹಾಕಿಸಿದ್ದಾರೆ.