ಫ್ರಿಜ್ಜಿನ ಅನ್ನಕ್ಕೆ ಸುಶಿ ಅಂತ ಹೆಸರಿಟ್ಟವರಿಗೆ

ಮೊನ್ನೆ ನಮ್ಮ ಕಲಬುರಗಿಯ ಹೊಸ ಹೋಟೆಲೊಂದರಲ್ಲಿ ಸುಶಿ, ಅಂದರೆ ಜಪಾನಿನವರ ಹುಳಿ ಅನ್ನದ ತಿಂಡಿ, ತಿಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೋಟೆಲಿನ ಹೆಸರು ಹೇಳಲ್ಲ, ಹುಡುಗರು ಸಾಲ ಮಾಡಿ ತೆರೆದಿದ್ದಾರೆ. ಆದರೆ ಸುಮ್ಮನಿರುವುದೂ ಆಗುತ್ತಿಲ್ಲ.

ಎಂಟು ತುಂಡಿಗೆ ನಾನೂರ ಐವತ್ತು ರೂಪಾಯಿ. ಒಳಗೆ ಪನೀರು, ಮೇಲೆ ಮಯೋನೀಸು, ಅದರ ಮೇಲೆ ಕೆಂಪು ಸಾಸು, ಅದೂ ಸಾಲದೆಂದು ಖಾರಾ ಸೇವು. ಪನೀರಿನ ಬಗ್ಗೆ ನನ್ನ ತಕರಾರಿಲ್ಲ. ಕಲಬುರಗಿಯಲ್ಲಿ ಕೂತು ಹಸಿ ಮೀನು ಕೊಡಿ ಅಂತ ಕೇಳುವಷ್ಟು ಹುಚ್ಚನೂ ನಾನಲ್ಲ, ಸಮುದ್ರ ನಮಗೆ ಒಂದು ರಾತ್ರಿ ಬಸ್ಸಿನ ದಾರಿ. ನನ್ನ ಜಗಳ ಅನ್ನದ ಬಗ್ಗೆ. ಆಗಷ್ಟೇ ಫ್ರಿಜ್ಜಿನಿಂದ ತೆಗೆದದ್ದು, ಬಾಯಲ್ಲಿ ಕಾಳು ಕಾಳಾಗಿ ಉದುರುತ್ತಿತ್ತು. ಹುಳಿಯ ಸುಳಿವೇ ಇಲ್ಲ.

ಇಷ್ಟು ಧೈರ್ಯವಾಗಿ ಹೇಳಲು ಕಾರಣ ನನ್ನ ಮಗಳು. ಅವಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾಳೆ. ಎರಡು ತಿಂಗಳ ಹಿಂದೆ ಬೋನಸ್ ಬಂತೆಂದು ನನ್ನನ್ನು ಒಂದು ಜಪಾನಿ ಹೋಟೆಲಿಗೆ ಕರೆದೊಯ್ದಳು. ಉದ್ದನೆಯ ಮರದ ಕಟ್ಟೆ, ಹತ್ತೇ ಹತ್ತು ಕುರ್ಚಿ, ಕಟ್ಟೆಯ ಆ ಕಡೆ ಅಡುಗೆಯವ. ಮೆನು ಕೇಳಿದೆ. "ಮೆನು ಇರಂಗಿಲ್ಲಪ್ಪಾ, ಅವರು ಏನ್ ಕೊಡ್ತಾರ ಅದನ್ನ ತಿನ್ನದು. ಒಮಾಕಾಸೆ ಅಂತಾರ, ನಿಮಗೇ ಬಿಟ್ಟೀನಿ ಅಂದಂಗ" ಅಂದಳು. ನನಗೇನು ಹೊಸದಲ್ಲ, ಮೂವತ್ತು ವರ್ಷದಿಂದ ಮನೆಯಲ್ಲಿ ಅದೇ ನಡೆದಿದೆ.

ನಮ್ಮದು ನೆಹರೂ ಗಂಜಿನಲ್ಲಿ ತೊಗರಿ ವ್ಯಾಪಾರ. ಚೀಲಕ್ಕೆ ಕೈಹಾಕಿ ಒಂದು ಮುಷ್ಟಿ ತೆಗೆದರೆ ಕಾಳಿನಲ್ಲಿ ಹಸಿ ಎಷ್ಟಿದೆ ಅಂತ ಕೈ ಹೇಳುತ್ತದೆ. ಹಾಗಾಗಿ ನಾನು ಮೀನು ನೋಡಲಿಲ್ಲ, ಅವನ ಕೈ ನೋಡುತ್ತ ಕೂತೆ. ಬೆರಳು ನೀರಲ್ಲಿ ಅದ್ದಿ, ಅಂಗೈ ಒಮ್ಮೆ ತಟ್ಟಿ, ಪಕ್ಕದ ಮುಚ್ಚಿದ ಮರದ ಡಬ್ಬಿಯಿಂದ ಒಂದು ತುತ್ತಿನಷ್ಟು ಅನ್ನ ತೆಗೆಯುತ್ತಿದ್ದ. ತೂಕ ಇಲ್ಲ, ಅಳತೆ ಇಲ್ಲ. ಒಮ್ಮೆ ಮಾತ್ರ ನಾಲ್ಕೈದು ಕಾಳು ಹೆಚ್ಚಾಯಿತೇನೋ, ವಾಪಸ್ ಡಬ್ಬಿಗೆ ಬಿಟ್ಟ. ಮೀನಿನ ತೆಳು ತುಂಡಿಗೆ ಬೆರಳ ತುದಿಯಿಂದ ವಸಾಬಿ ಎಂಬ ಹಸಿರು ಖಾರದ ಮುದ್ದೆ ಸವರಿ, ಅನ್ನ ಕೂಡಿಸಿ, ಎರಡು ಬೆರಳಲ್ಲಿ ಮೂರು ಸಲ ಒತ್ತಿ, ಮೇಲೊಂದು ಬ್ರಷ್ಷಿನಿಂದ ಸೋಯಾ ಸಾಸು ಎಳೆದು ನನ್ನ ಮುಂದಿಟ್ಟ.

ಮಗಳು ಫೋಟೊ ತೆಗೆಯಲು ಮೊಬೈಲ್ ಎತ್ತಿದಳು. ಅವ ನಗುತ್ತಲೇ ಕೈಸನ್ನೆ ಮಾಡಿದ, ಮೊದಲು ತಿನ್ನಿ ಅಂತ. ಕೈಯಿಂದ ತಿಂದರೂ ನಡೆಯುತ್ತದಂತೆ. ಆ ಎರಡು ಕಡ್ಡಿಗಳ ಜೊತೆ ಒದ್ದಾಡುತ್ತಿದ್ದ ನನಗೆ ಜೀವ ಬಂದಂತಾಯಿತು. ಬಾಯಿಗಿಟ್ಟರೆ ಅನ್ನ ಬೆಚ್ಚಗಿತ್ತು! ನಮ್ಮ ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ. ಬೆರಳಲ್ಲಿ ಹಿಡಿದಾಗ ಗಟ್ಟಿ, ನಾಲಿಗೆ ಮೇಲೆ ತಾನಾಗಿ ಬಿಚ್ಚಿಕೊಂಡಿತು. ಎರಡನೆಯದನ್ನು ಜಾಣತನ ತೋರಿಸಲು ಹೋಗಿ ಸೋಯಾ ಬಟ್ಟಲಲ್ಲಿ ಅನ್ನದ ಕಡೆಯಿಂದ ಅದ್ದಿದೆ, ಅರ್ಧ ಅಲ್ಲೇ ಬಿತ್ತು. ಅದ್ದುವುದಿದ್ದರೆ ಮಗುಚಿ, ಮೀನಿನ ಕಡೆಯಿಂದ ಅದ್ದಬೇಕು.

ವಸಾಬಿ ಮಾತ್ರ ನನ್ನ ಮರ್ಯಾದೆ ತೆಗೆಯಿತು. ಗುಂಟೂರು ಮೆಣಸಿನಕಾಯಿ ಚಟ್ನಿ ರೊಟ್ಟಿಗೆ ಹಚ್ಚಿ ತಿನ್ನುವ ಮಂದಿ ನಾವು, ಅದೇನು ಮಹಾ ಅಂದುಕೊಂಡು ಸ್ವಲ್ಪ ಬೇರೆಯಾಗಿ ಕೇಳಿದೆ. ಅದು ಸಾಸಿವೆಯ ಕುಲದ್ದು, ಖಾರ ನಾಲಿಗೆಗಲ್ಲ, ನೆತ್ತಿಗೆ ಹತ್ತುತ್ತದೆ. ಅವನು ಕಣ್ಣೆದುರೇ ಗೆಡ್ಡೆಯಂಥ ಒಂದು ಹಸಿರು ಕಾಂಡವನ್ನು ಉಜ್ಜಿ ತೆಗೆದದ್ದು, ಕಾಲು ತಾಸಿನಲ್ಲಿ ಅದರ ಘಾಟು ಇಳಿದು ಹೋಗುತ್ತದಂತೆ. ಉಳಿದೆಡೆ ಸಿಗುವ ಹಸಿರು ಮುದ್ದೆ ಬಹುಪಾಲು ಬೇರೊಂದು ಗೆಡ್ಡೆ, ಸಾಸಿವೆ ಪುಡಿ, ಹಸಿರು ಬಣ್ಣ ಸೇರಿಸಿ ಮಾಡಿದ್ದು.

ಇನ್ನು ಮುಖ್ಯ ಮಾತು. ಸುಶಿ ಅಂದರೆ ಹಸಿ ಮೀನು ಅಂತ ಗಂಜಿನ ಗೆಳೆಯರೆಲ್ಲ ನನ್ನನ್ನು ಕಾಡಿಸಿದರು. ಬರೀ ಹಸಿ ಮೀನಿಗೆ ಸಾಶಿಮಿ ಅಂತಾರೆ. ಸುಶಿ ಆಗಬೇಕಾದರೆ ಅಲ್ಲಿ ವಿನೆಗರ್, ಸಕ್ಕರೆ, ಉಪ್ಪು ಕಲಸಿದ ಅನ್ನ ಇರಲೇಬೇಕು. ಬಿಸಿ ಅನ್ನವನ್ನು ಅಗಲವಾದ ಮರದ ಪಾತ್ರೆಯಲ್ಲಿ ಹರವಿ, ಹುಳಿನೀರು ಚಿಮುಕಿಸಿ, ಕಾಳು ಮುರಿಯದಂತೆ ಮರದ ಸೌಟಿನ ಅಂಚಿನಿಂದ ಕೊಯ್ದಂತೆ ಕಲಸಿ, ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಚಿತ್ರಾನ್ನಕ್ಕೆ ಪರಾತದಲ್ಲಿ ಅನ್ನ ಆರಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಕ್ಕಿ ಮಾತ್ರ ಬೇರೆ, ಮೋಟು ಕಾಳಿನದು, ತಾನಾಗಿ ಅಂಟುತ್ತದೆ. ನಮ್ಮ ಸೋನಾ ಮಸೂರಿಗೆ ಆ ಗುಣ ಇಲ್ಲ. ಯಾವ ಅನ್ನವಾದರೂ ಫ್ರಿಜ್ಜಿನ ತಣ್ಣಗಿಗೆ ಅದರ ಪಿಷ್ಟ ಬಿರುಸಾಗುತ್ತದೆ, ಸುಶಿ ಅಲ್ಲಿಗೇ ಸತ್ತ ಹಾಗೆ.

ಮೇಲಿನ ಸಾಮಾನು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಈಗ ಎಲ್ಲರೂ ಮೆಚ್ಚುವ ಸಾಲ್ಮನ್ ಜಪಾನಿನ ಸುಶಿಗೆ ಬಂದದ್ದೇ 1980ರ ದಶಕದಿಂದೀಚೆಗೆ, ನಾರ್ವೆಯವರು ತಮ್ಮ ಮೀನು ಮಾರಲು ಹೋದ ಮೇಲೆ. ನಾರ್ವೆಯ ಮೀನಿಗೆ ಜಾಗ ಸಿಕ್ಕಿತೆಂದರೆ ಪನೀರು ಏನು ಪಾಪ ಮಾಡಿದೆ? ಮೀನಿಲ್ಲದ ಸುಶಿ ಅಲ್ಲಿಯೂ ಹಳೆಯದೇ. ಬರೀ ಸೌತೆಕಾಯಿ ಇಟ್ಟು ಸುತ್ತಿದ್ದಕ್ಕೆ ಕಪ್ಪಾಮಾಕಿ ಅಂತಾರೆ. ಸೋರೆಕಾಯಿಯ ಜಾತಿಯದೊಂದು ಕಾಯಿಯನ್ನು ಉದ್ದುದ್ದ ಹೆರೆದು ಒಣಗಿಸಿ, ಮತ್ತೆ ನೆನೆಸಿ, ಸಿಹಿ ಸೋಯಾದಲ್ಲಿ ಬೇಯಿಸಿ ಸುತ್ತುವುದೂ ಇದೆ. ಸಂಡಿಗೆ ಒಣಗಿಸುವ ನಮ್ಮ ಬಿಸಿಲಿಗೆ ಅದೆಷ್ಟು ದೊಡ್ಡ ಕೆಲಸ?

ಮತ್ತೆ ಇದು ಹುಟ್ಟಾ ಶ್ರೀಮಂತರ ಊಟವೂ ಅಲ್ಲ. ಅನ್ನದ ಮುದ್ದೆ ಮೇಲೆ ಮೀನಿಟ್ಟು ಕೊಡುವ ಈಗಿನ ರೀತಿ ಬೆಳೆದದ್ದು 1820ರ ದಶಕದ ಎದೊದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ. ಹನಾಯಾ ಯೊಹೆಯಿ ಎಂಬ ಅಡುಗೆಯವನ ಹೆಸರು ಹೇಳುತ್ತಾರೆ. ಬಂಡಿ ಮುಂದೆ ನಿಂತು, ಎರಡು ತಿಂದು, ಕೈ ಒರೆಸಿಕೊಂಡು ಹೋಗುವ ತಿಂಡಿ. ನಮ್ಮ ಸೂಪರ್ ಮಾರ್ಕೆಟ್ ಕಡೆ ಸುಸಲಾ, ಮಿರ್ಚಿ ತಿಂದ ಹಾಗೆ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಭೀಮಾ ನದಿಯ ಮೀನು ತಂದು ಹಸಿಯಾಗಿ ಕತ್ತರಿಸಿ ತಿನ್ನಬೇಡಿ. ಹೊಳೆ ಮೀನಲ್ಲಿ ಹುಳುವಿನ ಕಾಟ ಹೆಚ್ಚು. ಕಡಲ ಮೀನನ್ನೂ ಹುಳು ಸಾಯಲೆಂದು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡುವ ಪದ್ಧತಿ ಇದೆ.

ಬೆಂಗಳೂರಿನ ಬಿಲ್ಲು ಹೇಳಲ್ಲ, ನನ್ನ ಹೆಂಡತಿ ಈ ಪೋಸ್ಟ್ ಓದುತ್ತಾಳೆ. ದುಬಾರಿಯೇ. ಆದರೆ ನಾನು ಕೊಟ್ಟದ್ದು (ಸರಿ, ಮಗಳು ಕೊಟ್ಟದ್ದು) ಆ ಬೆಚ್ಚಗಿನ ಅನ್ನಕ್ಕೆ. ಹೆಂಚಿನಿಂದ ಇಳಿಸಿದ ಜೋಳದ ರೊಟ್ಟಿ ತಾಟಿಗೆ ಬಿದ್ದ ಕೂಡಲೇ ಮುರಿಯದಿದ್ದರೆ ನಮ್ಮವ್ವ ಬೈಯುತ್ತಿದ್ದಳು, "ಮಾತು ಆಮ್ಯಾಲ, ಮೊದ್ಲ ಉಣ್ಣು" ಅಂತ. ಕಟ್ಟೆಯಾಚೆ ನಿಂತವನು ಮೊಬೈಲ್ ಇಳಿಸಲು ಹೇಳಿದಾಗ ನನಗೆ ಅವಳದೇ ದನಿ ಕೇಳಿಸಿತು.

ಇದನ್ನೆಲ್ಲ ನಿನ್ನೆ ಆ ಹೊಸ ಹೋಟೆಲಿನ ಹುಡುಗನಿಗೇ ಹೋಗಿ ಹೇಳಿದೆ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. "ಕಾಕಾ, ಮಯೋನೀಸ್ ಇಲ್ಲಂದ್ರ ಮಂದಿ ಪ್ಲೇಟ್ ವಾಪಸ್ ಕಳಸ್ತಾರ್ರಿ" ಅಂದ. ಮಂದಿಗೆ ಕಳಿಸಬೇಡಪ್ಪಾ, ನನಗೊಬ್ಬನಿಗೆ ಮಾಡು, ಬಿಸಿ ಅನ್ನ, ಸೌತೆಕಾಯಿ, ಮತ್ತೇನೂ ಬೇಡ ಅಂದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಐತವಾರ ಬರ್ರಿ, ಮಧ್ಯಾಹ್ನ ಗದ್ದಲ ಕಮ್ಮಿ ಇರ್ತದ" ಅಂದ.

ಹೋಗುವವನಿದ್ದೇನೆ. ಬರುವವರು ಬರ್ರಿ. ಅವನು ಫ್ರಿಜ್ಜಿನ ಬಾಗಿಲು ತೆಗೆದರೆ ಮಾತ್ರ ನಾನು ಎದ್ದು ನಮ್ಮೂರ ಬಿಸಿ ತಹರಿ ಅನ್ನ ತಿನ್ನಲು ಹೋಗುವವ.