ಈ ‘ಸ್ಟೆಮ್’ ಸಹವಾಸ ಸಾಕಪ್ಪ!

ಮಗಳ ಶಾಲೆಯಿಂದ ಇಂಗ್ಲಿಷ್ ಚೀಟಿ ಬಂತು. ಮೊಬೈಲು ಅದನ್ನು ಕನ್ನಡ ಮಾಡಿ ಕೊಟ್ಟಿತು: ‘ಶನಿವಾರ ಕಾಂಡ ದಿನ’. ಸರಿ, ಸಂತೆಗೆ ಹೋಗಿ ಒಂದು ಕಟ್ಟು ಹರಿವೆ ದಂಟು, ಮಾರುದ್ದದ ಬಾಳೆದಿಂಡು ತಂದಿಟ್ಟೆ. ನೋಡಿದರೆ ಅದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ ‘ಸ್ಟೆಮ್’! ಅಮೆರಿಕದಲ್ಲಿ ಮೊದಲು ಇದಕ್ಕೆ ‘ಸ್ಮೆಟ್’ ಅಂತಿದ್ದರು. 2001ರಲ್ಲಿ ಅಕ್ಷರ ಹಿಂದೆಮುಂದೆ ಮಾಡಿದರು. ಸುಮ್ನೆ ಹಾಗೇ ಬಿಡಬಹುದಿತ್ತು, ಅಲ್ವಾ?

ಇಂಗ್ಲಿಷಿನಲ್ಲಿ ಗಿಡದ ಕಾಂಡವೂ ಸ್ಟೆಮ್, ವೈನ್ ಗ್ಲಾಸಿನ ಕಾಲೂ ಸ್ಟೆಮ್, ವಾಚಿಗೆ ಕೀಲಿ ಕೊಡುವ ಕಡ್ಡಿಯೂ ಸ್ಟೆಮ್, ಹಡಗಿನ ಮೂತಿಯೂ ಸ್ಟೆಮ್. ಹೋಗಲಿ, ಕ್ರಿಯಾಪದವಾದರೂ ನೆಟ್ಟಗಿದೆಯಾ? ‘ಫ್ರಮ್’ ಸೇರಿಸಿದರೆ ಹುಟ್ಟುವುದು. ಸೇರಿಸದಿದ್ದರೆ ತಡೆಯುವುದು! ರಕ್ತವನ್ನು ಸ್ಟೆಮ್ ಮಾಡಿ ಅಂದರೆ ನಿಲ್ಲಿಸಿ ಅಂತ. ಯಾರಾದರೂ ತಪ್ಪು ತಿಳಿದರೆ ಏನು ಗತಿ?

ನಮ್ಮಲ್ಲಿ ಸೊಪ್ಪಿಗೆ ದಂಟು, ಬಾಳೆಗೆ ದಿಂಡು, ಕಬ್ಬಿಗೆ ಜಲ್ಲೆ, ವೀಳ್ಯದೆಲೆಗೆ ತೊಟ್ಟು. ಗೊಂದಲವೇ ಇಲ್ಲ. ಆದರೆ ಸ್ಟೆಮ್ ಸೆಲ್ಲಿಗೆ, ಅಂದರೆ ದೇಹದ ಬೇರೆ ಕೋಶಗಳು ಹುಟ್ಟುವ ಮೂಲ ಜೀವಕೋಶಕ್ಕೆ, ನಾವೂ ‘ಕಾಂಡಕೋಶ’ ಅಂದುಬಿಟ್ಟೆವು. ಪೇಪರಿನಲ್ಲಿ ‘ಕಾಂಡಕೋಶ ಚಿಕಿತ್ಸೆ’ ಅಂತ ಓದಿದ ನಮ್ಮತ್ತೆ, “ಯಾವ ಮರದ್ದಂತೆ? ನಾಟಿ ಔಷಧಿನಾ?” ಅಂತ ಕೇಳಿದರು.

ದಿಂಡಿನ ಪಲ್ಯ ಇವತ್ತಿಗೆ ಮೂರನೇ ದಿನ.