ಹೆದ್ದಾರಿ ಶುರುವಾಗೋದು ದೋಣಿಯಿಂದ

ಬ್ರೆಜಿಲ್‌ನ ಮನೌಸ್ ಸಣ್ಣ ಊರೇನಲ್ಲ. ಅಮೆಜಾನ್ ಕಾಡಿನ ನಟ್ಟನಡುವೆ 20 ಲಕ್ಷ ಜನ. ರಬ್ಬರಿನ ದುಡ್ಡು ಉಕ್ಕುತ್ತಿದ್ದ ಕಾಲದಲ್ಲಿ, 1896ರಲ್ಲೇ, ಇಲ್ಲಿ ಒಪೆರಾ ಮಂದಿರ ತೆರೆದರು. ಹಾಡು ಕೇಳೋಕೆ ವ್ಯವಸ್ಥೆ ಆಯ್ತು. ದೇಶದ ದಕ್ಷಿಣಕ್ಕೆ ವರ್ಷವಿಡೀ ನಂಬಿ ಹೋಗುವಂಥ ರಸ್ತೆ ಮಾತ್ರ ಇನ್ನೂ ಆಗಿಲ್ಲ. ಜನ ತಲೆ ಕೆಡಿಸಿಕೊಳ್ಳದೆ ಬೋಟು ಹತ್ತುತ್ತಾರೆ.

ಈ ಬೋಟುಗಳಿಗೆ ಅಲ್ಲಿ ಎರಡು ಹೆಸರು. ಒಂದು ‘ಗಯೋಲಾ’, ಅಂದರೆ ಪಂಜರ. ಇನ್ನೊಂದು ‘ರೆಕ್ರೆಯೊ’, ಅಂದರೆ ಮನರಂಜನೆ. ಟಿಕೆಟ್ ಕೊಳ್ಳುವಾಗ ಎರಡನೆಯದು, ಮಲಗುವಾಗ ಮೊದಲನೆಯದು ಅಂತ ಇಟ್ಟುಕೊಳ್ಳಿ. ಕ್ಯಾಬಿನ್‌ಗೆ ದುಡ್ಡಿಲ್ಲದವರು ಜೋಲಿ ತಾವೇ ತಂದು ಅಟ್ಟದ ಕಂಬಿಗೆ ಕಟ್ಟಬೇಕು. ಪಕ್ಕದವರು ಮಗ್ಗುಲು ಬದಲಿಸಿದರೆ ಇಡೀ ಸಾಲು ತೂಗುತ್ತದೆ. ಅಮೆಜಾನ್ ನದಿ ಕಡಲು ಸೇರುವ ಕಡೆಯ ಬೆಲೆಮ್ ನಗರದವರೆಗೆ ಸುಮಾರು 1,600 ಕಿಲೋಮೀಟರ್. ನೀರಿನ ಜೊತೆ ಹೋದರೆ ನಾಲ್ಕು ದಿನ, ಎದುರು ಬಂದರೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಪಕ್ಕದವರ ಗೊರಕೆಯ ರಾಗ ಬಾಯಿಪಾಠ ಆಗಿರುತ್ತದೆ. ಒಪೆರಾ ತಪ್ಪಿತು ಅಂತ ಕೊರಗುವ ಹಾಗಿಲ್ಲ.

ಇದು ಸರ್ಕಾರದ ಕಣ್ಣಿಗೆ ಪ್ರಯಾಣವೇ ಅಲ್ಲ. ಡಾಂಬರು ಇಲ್ಲವಲ್ಲ! ಅಗೆಯಬೇಕಿಲ್ಲ, ಗುಂಡಿ ಬೀಳಲ್ಲ, ಗುಂಡಿ ಮುಚ್ಚೋ ಟೆಂಡರ್ ಕರೆಯುವ ಹಾಗಿಲ್ಲ. ಇಂಥ ನದಿಯಿಂದ ಯಾರಿಗೆ ಲಾಭ ಹೇಳಿ?

ಅದಕ್ಕೇ ಸೈನ್ಯದ ಆಡಳಿತ ಇದ್ದಾಗ ಬಿಆರ್-319 ಅನ್ನೋ ಹೆದ್ದಾರಿ ಹಾಕಿದರು. ಮನೌಸ್‌ನಿಂದ ದಕ್ಷಿಣದ ಪೋರ್ಟೊ ವೆಲ್ಯೊ ನಗರಕ್ಕೆ, 880 ಕಿಲೋಮೀಟರಿಗೂ ಮೇಲೆ. 1976ರಲ್ಲಿ ಉದ್ಘಾಟನೆ. 1988ರ ಹೊತ್ತಿಗೆ ಕೈಬಿಟ್ಟಾಗಿತ್ತು. ಮಳೆ ಡಾಂಬರನ್ನು ತಿಂದಿತು, ಕಾಡು ಉಳಿದದ್ದನ್ನು ತಿಂದಿತು. ಸರ್ಕಾರಗಳು ಬಂದವು, ಹೋದವು. ದುರಸ್ತಿಯ ಭರವಸೆಗೆ ಮಾತ್ರ ಒಂದು ಗುಂಡಿಯೂ ಬಿದ್ದಿಲ್ಲ.

ಈ ಹೆದ್ದಾರಿಯ ಅಸಲಿ ಸೊಗಸು ಮನೌಸ್ ಬಿಡುವಾಗಲೇ ಗೊತ್ತಾಗುತ್ತದೆ. ಊರಾಚೆ ನದಿ ಇದೆ, ಸೇತುವೆ ಇಲ್ಲ. ಹಾಗಾಗಿ ಕಾರು, ಲಾರಿ ಎಲ್ಲ ಮೊದಲು ದೋಣಿ ಹತ್ತಬೇಕು! ನೀರು ಬೇಡ ಅಂತ ಮುನಿಸಿಕೊಂಡು ಹೊರಟ ರಸ್ತೆಗೆ ಹಳೇ ಗಂಡನ ಪಾದವೇ ಗತಿ.

2023ರಲ್ಲಿ ಭೀಕರ ಬರ ಬಂತು. ಮನೌಸ್ ಬಂದರಿನಲ್ಲಿ 1902ರಿಂದ ನೀರಿನ ಮಟ್ಟ ಅಳೆಯುತ್ತಾ ಬಂದಿದ್ದಾರೆ. ಅಷ್ಟು ವರ್ಷಗಳಲ್ಲೇ ಅತಿ ಕಡಿಮೆ, 12.70 ಮೀಟರ್. ಮರುವರ್ಷ ಅದಕ್ಕಿಂತಲೂ ಇಳಿಯಿತು. ಬೋಟುಗಳು ಮರಳಲ್ಲಿ ಕೂತವು. ರಸ್ತೆ ಪರ ಇದ್ದವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ‘ನೋಡಿ, ನದಿ ಕೈಕೊಟ್ಟಿತು, ಡಾಂಬರು ಹಾಕಿ’ ಅಂದರು. ರಸ್ತೆ ಬಂದರೆ ಅದರ ಬೆನ್ನಿಗೇ ಗರಗಸ ಬರುತ್ತದೆ, ಕಾಡು ಹೋದರೆ ಮಳೆ ಹೋಗುತ್ತದೆ ಅಂತ ವಿಜ್ಞಾನಿಗಳು ಗೊಣಗಿದರು. ಅವರದ್ದು ಯಾವಾಗಲೂ ಹಾಗೇ ಬಿಡಿ, ಸುಮ್ನೆ ಕಿರಿಕಿರಿ.

ಆ ದೋಣಿ ದಾಟುವ ಕಡೆಯೇ ನೀಗ್ರೊ ನದಿಯ ಕಪ್ಪು ನೀರು, ಸೊಲಿಮೊಯಿಸ್‌ನ (ಅಮೆಜಾನ್‌ಗೆ ಮನೌಸ್‌ವರೆಗೆ ಅಲ್ಲಿನವರ ಹೆಸರು) ಕೆಸರು ನೀರು ಆರು ಕಿಲೋಮೀಟರಿನಷ್ಟು ಬೆರೆಯದೆ ಅಕ್ಕಪಕ್ಕ ಹರಿಯುತ್ತವೆ. ಬೆಲೆಮ್ ಕಡೆಗೆ ಹೊರಟ ಬೋಟಿನ ಜನ ಜೋಲಿಯಿಂದ ತಲೆ ಎತ್ತಿ ಅದನ್ನು ನೋಡುತ್ತಾರೆ. ಹಾಗೇ ದಡದಲ್ಲಿ ಕಾದು ನಿಂತ ಲಾರಿಗಳ ಸಾಲನ್ನೂ ನೋಡುತ್ತಾರೆ. ಹೆದ್ದಾರಿಯಲ್ಲಿ ಹೋಗಬೇಕಾದ ಡ್ರೈವರ್ ಎಂಜಿನ್ ಆಫ್ ಮಾಡಿ ಕೆಳಗಿಳಿಯುತ್ತಾನೆ. ಲಾರಿಯ ಅಡಿ ನೆರಳಿನಲ್ಲಿ ತಾನೂ ಒಂದು ಜೋಲಿ ಕಟ್ಟಿ ಮಲಗುತ್ತಾನೆ.